ಎಣ್ಣೆ ಹೊಯ್ದರೆ ಆರುವ ದೀಪ

ಎಣ್ಣೆ ಹೊಯ್ದರೆ ದೀಪ ಉರಿಯಬೇಕು, ಅದು ಲೋಕರೂಢಿ. ಎಣ್ಣೆ ಹೊಯ್ದೊಡನೆ ಆರಿಹೋಗುವ ದೀಪವೂ ಒಂದಿದೆ. ಅದು ಇರುವುದು ನಮ್ಮ ಪಿಕಪ್ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ. ಕೆಂಪು ಬಣ್ಣದ ಒಂದು ವೃತ್ತ, ಅದರ ಎರಡು ಪಕ್ಕದಲ್ಲಿ ಕಂಸ ಹಾಕಿದಂತೆ ಎರಡು ಗೆರೆ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಬ್ರೇಕಿನ ಎಣ್ಣೆ ಕಡಿಮೆಯಾದರೆ ಇದು ಹೊತ್ತಿಕೊಳ್ಳುತ್ತದೆ, ಡಬ್ಬಿಗೆ ಎಣ್ಣೆ ಸುರಿದರೆ ಆರುತ್ತದೆ. ಆರಿದ ಮೇಲೆ ಗಾಡಿಯವರೂ ಮೆಕ್ಯಾನಿಕ್ಕೂ ಇಬ್ಬರೂ ಸಮಾಧಾನದಿಂದ ಚಹಾ ಕುಡಿಯುತ್ತಾರೆ. ಈ ವಾರದ ತಕರಾರು ಆ ಸಮಾಧಾನದ ಬಗ್ಗೆಯೇ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಗ್ಯಾರೇಜಿಗೆ ಹೋಗಿ ‘ಬ್ರೇಕ್ ಲೈಟ್ ಪ್ರಾಬ್ಲಂ’ ಎಂದರೆ ಅರ್ಧದಷ್ಟು ಜನ ಗಾಡಿಯ ಹಿಂದಕ್ಕೆ ಹೋಗಿ ಬಗ್ಗುತ್ತಾರೆ. ಅದು ಹಿಂದಿನವರಿಗೆ ಸೂಚನೆ ಕೊಡುವ ದೀಪ. ನಾವು ಮಾತಾಡುತ್ತಿರುವುದು ಡ್ರೈವರಿಗೆ ಸೂಚನೆ ಕೊಡುವ, ಸ್ಪೀಡೋಮೀಟರಿನ ಆಸುಪಾಸಿನಲ್ಲಿ ಕೂತ ಕೆಂಪು ದೀಪ. ಮೆಕ್ಯಾನಿಕ್ಕಿಗೆ ಹೇಳುವಾಗ ‘ಮೀಟರ್‌ನಲ್ಲಿ ಬರೋ ಬ್ರೇಕ್ ಲೈಟ್’ ಎಂದರೆ ಅರ್ಧ ಗಂಟೆ ಉಳಿಯುತ್ತದೆ.

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ ಮುಂದಿದೆ. ಹನ್ನೆರಡು ವರ್ಷ ಹಳೆಯ ಪಿಕಪ್. ವಾರಕ್ಕೆ ಮೂರು ಸಲ ತರಕಾರಿ ತುಂಬಿಕೊಂಡು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಮೇಲೆ ಬಯಲಿನಲ್ಲಿ ಓಡಿಸುವಾಗ ಏನೂ ಇಲ್ಲ. ಘಾಟಿ ಇಳಿಯತೊಡಗಿದರೆ, ಅದರಲ್ಲೂ ತಿರುವಿನಲ್ಲಿ ಬ್ರೇಕ್ ಒತ್ತಿದಾಗ, ಕೆಂಪು ದೀಪ ಮಿಣುಕ್ ಎಂದು ಬಂದು ಹೋಗುತ್ತದೆ. ಗ್ಯಾರೇಜಿನಲ್ಲಿ ಎಣ್ಣೆ ಹಾಕಿದರು, ನಿಂತಿತು. ಒಂದೂವರೆ ತಿಂಗಳಿಗೆ ಮತ್ತೆ ಬಂತು, ಮತ್ತೆ ಹಾಕಿದರು. ಮೂರನೆಯ ಸಲ ಹೋದಾಗ ಮೆಕ್ಯಾನಿಕ್ ‘ಸೆನ್ಸರ್ ವೀಕ್ ಆಗಿದೆ ಅಣ್ಣಾ, ವೈರ್ ತೆಗೆದುಬಿಡ್ತೀನಿ, ಕಿರಿಕಿರಿ ಇರಲ್ಲ’ ಎಂದನಂತೆ. ‘ತೆಗೆಸಬಹುದೇ?’ ಎಂದು ಇವರ ಪ್ರಶ್ನೆ.

ಬೇಡ. ದಯವಿಟ್ಟು ತೆಗೆಸಬೇಡಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಏಕೆ ಬೇಡ ಎಂಬುದು ಗೊತ್ತಾಗದಿದ್ದರೆ ನಾಲ್ಕನೆಯ ಸಲ ದೀಪ ಬಂದಾಗ ಯಾರಾದರೂ ತೆಗೆದೇ ತೆಗೆಯುತ್ತಾರೆ.

ಬ್ರೇಕ್ ಆಯಿಲ್ ಎನ್ನುವುದು ಡೀಸೆಲ್ಲಿನ ಹಾಗೆ ಉರಿದು ಖರ್ಚಾಗುವ ವಸ್ತುವಲ್ಲ. ಹಳೆಯ ಎಂಜಿನ್ ತನ್ನ ಆಯಿಲನ್ನು ಅಷ್ಟಿಷ್ಟು ಕುಡಿಯುತ್ತದೆ, ಅದನ್ನು ಆಗಾಗ ತುಂಬಿಸುವುದು ಸಹಜ. ಬ್ರೇಕಿನದು ಹಾಗಲ್ಲ. ಅದು ಮುಚ್ಚಿದ ಪೈಪಿನೊಳಗೆ ನಿಂತ ದ್ರವ. ನಿಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ತಲುಪಿಸುವುದು, ಕಾಲೆತ್ತಿದಾಗ ಹಿಂದಕ್ಕೆ ಬರುವುದು, ಇಷ್ಟೇ ಅದರ ಕೆಲಸ. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಂಪನಿ ನಾಲ್ಕೂ ಚಕ್ರಕ್ಕೆ ಇಂಥ ದ್ರವದ ಬ್ರೇಕ್ ಇಟ್ಟ ಕಾರನ್ನು ಮಾರುಕಟ್ಟೆಗೆ ತಂದಾಗಿನಿಂದ ಇಂದಿನವರೆಗೆ ಮೂಲ ತತ್ತ್ವ ಬದಲಾಗಿಲ್ಲ. ಹೀಗಿರುವಾಗ ಡಬ್ಬಿಯಲ್ಲಿ ಮಟ್ಟ ಇಳಿದಿದೆ ಎಂದರೆ ಕಾರಣ ಎರಡೇ: ಒಂದೋ ಆ ದ್ರವ ಗಾಡಿಯೊಳಗೇ ಬೇರೆ ಕಡೆ ಹೋಗಿ ಕೂತಿದೆ, ಇಲ್ಲವೇ ಹೊರಗೆ ಹೋಗುತ್ತಿದೆ.

ಒಳಗೇ ಹೋಗಿ ಕೂರುವುದು ಹೇಗೆ? ನಮ್ಮ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಡಿಸ್ಕಿನ ಎರಡು ಪಕ್ಕ ಪ್ಯಾಡ್‌ಗಳಿರುತ್ತವೆ. ಅವನ್ನು ಕ್ಯಾಲಿಪರಿನ ಪಿಸ್ಟನ್ ಒತ್ತುತ್ತದೆ. ಪ್ಯಾಡ್ ಸವೆದು ತೆಳುವಾದಷ್ಟೂ ಪಿಸ್ಟನ್ ಮುಂದೆ ಮುಂದೆ ಬಂದು ನಿಲ್ಲುತ್ತದೆ, ಅದರ ಬೆನ್ನಿಗೆ ಬಿಟ್ಟ ಜಾಗವನ್ನು ದ್ರವ ತುಂಬುತ್ತದೆ. ಅಷ್ಟು ದ್ರವ ಮೇಲಿನ ಡಬ್ಬಿಯಿಂದಲೇ ಇಳಿಯಬೇಕು. ಹಾಗಾಗಿ ಡಬ್ಬಿಯ ಮಟ್ಟವೆಂಬುದು ಒಂದು ರೀತಿಯಲ್ಲಿ ಪ್ಯಾಡಿನ ದಪ್ಪ ತೋರಿಸುವ ಅಳತೆಗೋಲು. ಹೊಸ ಪ್ಯಾಡ್ ಹಾಕಿದ ದಿನ ಮೇಲಿನ ಗೆರೆಯಲ್ಲಿದ್ದ ಮಟ್ಟ, ಪ್ಯಾಡ್ ಮುಗಿಯುವ ಹೊತ್ತಿಗೆ ಕೆಳಗಿನ ಗೆರೆಯ ಹತ್ತಿರ ಬರುತ್ತದೆ. ದೀಪ ಹೊತ್ತಿಕೊಳ್ಳುತ್ತದೆ. ‘ಪ್ಯಾಡ್ ನೋಡಪ್ಪಾ’ ಎಂದು ಅದು ಹೇಳುತ್ತಿರುವಾಗ ನಾವು ಎಣ್ಣೆ ಹಾಕಿ ಬಾಯಿ ಮುಚ್ಚಿಸುತ್ತೇವೆ.

ಮಟ್ಟ ಕೆಳಗಿನ ಗೆರೆಯ ಆಸುಪಾಸಿನಲ್ಲಿದ್ದರೆ ಗಾಡಿ ಸಮನಾಗಿ ನಿಂತಾಗ ದೀಪ ಬರುವುದಿಲ್ಲ. ಮೂತಿ ಕೆಳಗಾಗಿ ಘಾಟಿ ಇಳಿಯುವಾಗ, ಬ್ರೇಕ್ ಒತ್ತಿದಾಗ ದ್ರವ ಡಬ್ಬಿಯಲ್ಲಿ ಮುಂದಕ್ಕೆ ಜರುಗುತ್ತದೆ. ಬಿಂದಿಗೆಯಲ್ಲಿ ಸ್ವಲ್ಪವೇ ನೀರಿದ್ದಾಗ ವಾಲಿಸಿದರೆ ಒಂದು ಕಡೆಯ ತಳ ಕಾಣುವುದಿಲ್ಲವೇ, ಹಾಗೆ. ಡಬ್ಬಿಯೊಳಗೆ ತೇಲುವ ಪುಟ್ಟ ಬುರುಡೆಯೊಂದಿದೆ. ಅದು ಕೆಳಗಿಳಿದ ಕ್ಷಣ ಸ್ವಿಚ್ ಕೂಡಿ ದೀಪ ಬರುತ್ತದೆ, ಗಾಡಿ ನೆಟ್ಟಗಾದರೆ ಬುರುಡೆ ಮೇಲೆ ಬಂದು ಆರುತ್ತದೆ. ಮೂಡಿಗೆರೆಯವರ ಗಾಡಿಯಲ್ಲಿ ಸೆನ್ಸರ್ ‘ವೀಕ್’ ಆಗಿಲ್ಲ, ಚುರುಕಾಗಿಯೇ ಇದೆ.

ಆದರೆ ಅವರ ಪತ್ರದಲ್ಲಿ ನನಗೆ ಕಳವಳ ತಂದದ್ದು ಮಿಣುಕುವುದಲ್ಲ, ‘ಒಂದೂವರೆ ತಿಂಗಳಿಗೆ ಮತ್ತೆ’ ಎಂಬ ಮಾತು. ಪ್ಯಾಡ್ ಸವೆತದಿಂದ ಮಟ್ಟ ಇಳಿಯುವುದು ಬಹಳ ನಿಧಾನದ ಸಂಗತಿ. ತುಂಬಿಸಿದ್ದು ಆರು ವಾರದಲ್ಲಿ ಮತ್ತೆ ಖಾಲಿಯಾಗುತ್ತದೆ ಎಂದರೆ ಎಲ್ಲೋ ಸೋರುತ್ತಿದೆ. ಅದೂ ವಾರಕ್ಕೆ ಮೂರು ಸಲ ಘಾಟಿ ಇಳಿಯುವ ಗಾಡಿಯಲ್ಲಿ.

ಸೋರಿಕೆ ಹುಡುಕಲು ಯಂತ್ರ ಬೇಡ. ರಾತ್ರಿ ಗಾಡಿ ನಿಲ್ಲಿಸುವಾಗ ನಾಲ್ಕು ಚಕ್ರದ ಒಳಬದಿಗೂ ಎಂಜಿನ್ನಿನ ಕೆಳಗೂ ಹಳೆಯ ಪತ್ರಿಕೆ ಹರಡಿ (ಓದಿಯಾದ ಮೇಲೆ ಈ ಪುರವಣಿಯೂ ಆದೀತು). ಬೆಳಿಗ್ಗೆ ಕಲೆ ಬಿದ್ದಿದ್ದರೆ ಮುಟ್ಟಿ ನೋಡಿ. ಬ್ರೇಕ್ ಆಯಿಲ್ ತೆಳು, ಜಾರು, ಹಳೆಯದಾದರೆ ಚಹಾದ ಬಣ್ಣ; ನೀರು ಹಾಕಿದರೆ ತೊಳೆದುಹೋಗುತ್ತದೆ. ಹಿಂದಿನ ಆಕ್ಸಲ್ಲಿನ ಗೇರ್ ಆಯಿಲ್ ದಪ್ಪ, ಗಂಧಕದಂಥ ಘಾಟು, ನೀರಿಗೆ ಹೋಗುವುದಿಲ್ಲ. ಚಕ್ರದ ಒಳಮೈ ಒದ್ದೆಯಾಗಿದ್ದರೆ ಎರಡರಲ್ಲಿ ಯಾವುದು ಎಂದು ತಿಳಿಯುವುದು ಮುಖ್ಯ. ಎರಡೂ ಕೆಟ್ಟದ್ದೇ, ಎರಡೂ ಲೈನರಿಗೆ ತಗುಲಿದರೆ ಹಿಡಿತ ಹೋಗುತ್ತದೆ. ಆದರೆ ರಿಪೇರಿ ಬೇರೆ ಬೇರೆ.

ಹಳೆಯ ಪಿಕಪ್‌ಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್. ಅದರ ಎರಡು ತುದಿಗೂ ರಬ್ಬರಿನ ಟೋಪಿ ಇರುತ್ತದೆ. ಒಳಗಿನ ವಾಷರ್ ಸೋತರೆ ದ್ರವ ಆ ಟೋಪಿಯೊಳಗೆ ಸೇರಿಕೊಳ್ಳುತ್ತದೆ, ಹೊರಗೆ ತಕ್ಷಣ ಕಾಣುವುದಿಲ್ಲ. ಡ್ರಮ್ ಬಿಚ್ಚಿಸಿ, ಟೋಪಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎತ್ತಿ ನೋಡಬೇಕು. ಒದ್ದೆಯಿದ್ದರೆ ಕಿಟ್ ಹಾಕಿಸಿ, ಸಿಲಿಂಡರಿನ ಒಳಮೈ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಿ. ರಬ್ಬರ್ ಕಿಟ್ಟಿನ ಬೆಲೆ ಮಂಗಳೂರಿಗೆ ಹೋಗಿಬರುವ ಒಂದು ಟ್ರಿಪ್ಪಿನ ಡೀಸೆಲ್ಲಿಗಿಂತ ಕಡಿಮೆ. ಆನಂತರ ಮುಂದಿನ ಕ್ಯಾಲಿಪರ್, ಚಕ್ರ ತಿರುಗುವಾಗ ಬಾಗುವ ರಬ್ಬರ್ ಹೋಸುಗಳು, ಆಕ್ಸಲ್ಲಿನ ಮೇಲೆ ಹಾದುಹೋಗುವ ಉಕ್ಕಿನ ಪೈಪು. ಕರಾವಳಿಯಲ್ಲಿ ಮೀನು ಸಾಗಿಸುವ ಗಾಡಿಗಳವರು ಈ ಪೈಪನ್ನು ವಿಶೇಷವಾಗಿ ಗಮನಿಸಬೇಕು. ಮೀನಿನ ಪೆಟ್ಟಿಗೆಯಿಂದ ಸೋರುವ ಉಪ್ಪುನೀರು ನೇರವಾಗಿ ಅದರ ಮೇಲೆಯೇ ಇಳಿಯುತ್ತದೆ. ಮೇಲೆ ಬಣ್ಣ ಬಳಿದು ಚೆಂದ ಕಾಣುವ ಪೈಪು ಕ್ಲಿಪ್ಪಿನ ಅಡಿಯಲ್ಲಿ ಕಾಗದದಷ್ಟು ತೆಳುವಾಗಿರಬಹುದು.

ಇದೆಲ್ಲ ಒಣಗಿಯೇ ಇದೆ, ಆದರೂ ಮಟ್ಟ ಇಳಿಯುತ್ತಿದೆ ಎಂದರೆ ಉಳಿಯುವುದು ಕಳ್ಳಸೋರಿಕೆ. ಬೋನೆಟ್ಟಿನ ಕೆಳಗೆ ಎಣ್ಣೆಯ ಡಬ್ಬಿ ಕೂತಿರುವುದು ಮಾಸ್ಟರ್ ಸಿಲಿಂಡರಿನ ಮೇಲೆ. ಅದರ ಬೆನ್ನಿಗೆ ತಟ್ಟೆಗಳನ್ನು ಕವುಚಿ ಜೋಡಿಸಿದಂಥ ದುಂಡನೆಯ ಬೂಸ್ಟರ್. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ದ್ರವ ಬೂಸ್ಟರಿನ ಹೊಟ್ಟೆಯೊಳಗೆ ಇಳಿಯುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಮಾಸ್ಟರ್ ಸಿಲಿಂಡರಿನ ಎರಡು ನಟ್ಟು ಸಡಿಲಿಸಿ ಸ್ವಲ್ಪ ಮುಂದೆಳೆದು ನೋಡಿದರೆ ಮಾತ್ರ ಗೊತ್ತಾಗುವುದು.

ಎಣ್ಣೆ ಸುರಿಯುವುದರಲ್ಲಿ ಇನ್ನೊಂದು ತಮಾಷೆಯಿದೆ. ಪ್ಯಾಡ್ ಸವೆದಾಗಲೆಲ್ಲ ಮೇಲಿನ ಗೆರೆಯವರೆಗೆ ತುಂಬಿಸುತ್ತಾ ಬಂದಿರಿ ಎನ್ನಿ. ಕೊನೆಗೊಂದು ದಿನ ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದಾಗ ಅಷ್ಟೂ ದ್ರವ ಡಬ್ಬಿಗೆ ಮರಳಿ ಮುಚ್ಚಳದಿಂದ ಉಕ್ಕುತ್ತದೆ. ಎಲ್ಲಿ ಬೀಳುತ್ತದೋ ಅಲ್ಲಿ ಪೇಂಟ್ ಎದ್ದು ಬರುತ್ತದೆ. ಮಟ್ಟ ಇಳಿದದ್ದು ಕಂಡರೆ ಮೊದಲು ಪ್ಯಾಡ್ ನೋಡಿ. ಉಳಿದಿರುವ ದಪ್ಪ 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿ, ಮಟ್ಟ ತಾನಾಗಿ ಮೇಲೆ ಬರುತ್ತದೆ. ಪ್ಯಾಡ್ ದಪ್ಪಗಿದ್ದೂ ಮಟ್ಟ ಇಳಿದಿದ್ದರೆ ಸೋರಿಕೆ ಹುಡುಕಿ. ಎಣ್ಣೆಯ ಬಾಟಲಿ ಮುಟ್ಟುವುದು ಅದಾದ ಮೇಲೆ.

ಈಗ ಬೇರೆ ಬಗೆಯವರ ವಿಚಾರ. ಡಬ್ಬಿ ತುಂಬಿದೆ, ಪ್ಯಾಡ್ ಚೆನ್ನಾಗಿದೆ, ಬ್ರೇಕ್ ಹಿಡಿಯುತ್ತದೆ, ಆದರೂ ದೀಪ ಆರುವುದಿಲ್ಲ. ಇಲ್ಲಿ ಹತ್ತರಲ್ಲಿ ಹಲವು ಸಲ ತಪ್ಪು ಹ್ಯಾಂಡ್‌ಬ್ರೇಕಿನದು. ಒಂದೇ ದೀಪಕ್ಕೆ ಇಬ್ಬರು ಯಜಮಾನರು: ಡಬ್ಬಿಯ ಬುರುಡೆ ಒಬ್ಬ, ಹ್ಯಾಂಡ್‌ಬ್ರೇಕ್ ಲಿವರಿನ ಬುಡದ ಗುಂಡಿಸ್ವಿಚ್ ಇನ್ನೊಬ್ಬ. ಲಿವರ್ ಪೂರ್ತಿ ಕೆಳಗಿಳಿದಾಗ ಅದು ಗುಂಡಿಯನ್ನು ಒತ್ತಿ ದೀಪ ಆರಿಸುತ್ತದೆ. ಕೇಬಲನ್ನು ತೀರಾ ಬಿಗಿ ಮಾಡಿದ್ದರೆ, ಬ್ರಾಕೆಟ್ ಬಾಗಿದ್ದರೆ, ಕೆಳಗೆ ಮಣ್ಣು, ಬೀಡಿ ತುಂಡು, ತರಕಾರಿ ಚೀಟಿ ತುಂಬಿದ್ದರೆ ಲಿವರ್ ಕೊನೆಯ ಒಂದೆರಡು ಮಿಲಿಮೀಟರ್ ಇಳಿಯುವುದಿಲ್ಲ. ಹಳ್ಳ ಬಿದ್ದ ರಸ್ತೆಯಲ್ಲಿ ಮಿಣುಕುವುದು, ಸಮರಸ್ತೆಯಲ್ಲಿ ನಿಲ್ಲುವುದು ಇದರ ಗುರುತು. ದೀಪ ಉರಿಯುತ್ತಿರುವಾಗ ಲಿವರನ್ನು ಕೈಯಿಂದ ಕೆಳಗೆ ಅದುಮಿ. ಆರಿದರೆ ಉತ್ತರ ಸಿಕ್ಕಿತು. ಆದರೆ ಬರೀ ಸ್ವಿಚ್ ಸರಿಪಡಿಸಿ ಬರಬೇಡಿ. ಹಿಂದಿನ ಡ್ರಮ್ಮುಗಳನ್ನು ಮುಟ್ಟಿ ನೋಡಿ. ಕೇಬಲ್ ಬಿಗಿಯಾಗಿ ಲೈನರ್ ಉಜ್ಜುತ್ತಿದ್ದರೆ ಸ್ವಲ್ಪ ದೂರ ಓಡಿಸಿದೊಡನೆ ಒಂದು ಡ್ರಮ್ ಇನ್ನೊಂದಕ್ಕಿಂತ ಬಿಸಿಯಾಗಿರುತ್ತದೆ. ಅಂಗೈ ಒತ್ತಬೇಡಿ, ಹತ್ತಿರ ಹಿಡಿದರೆ ಸಾಕು.

ಲಿವರ್ ಅದುಮಿದರೂ ಆರಲಿಲ್ಲವೇ? ಬೋನೆಟ್ ಎತ್ತಿ ಡಬ್ಬಿಯ ಮುಚ್ಚಳಕ್ಕೋ ಪಕ್ಕಕ್ಕೋ ಬರುವ ವೈರಿನ ಪ್ಲಗ್ ಕಳಚಿ. ಆಗ ದೀಪ ಆರಿದರೆ ಬುರುಡೆ ಕೆಳಗೇ ಸಿಕ್ಕಿಕೊಂಡಿದೆ, ಇಲ್ಲವೇ ಪ್ಲಗ್ಗಿನೊಳಗೆ ನೀರು ಹೋಗಿದೆ. ವಾಟರ್ ಸರ್ವಿಸ್ ಮಾಡಿಸಿದ ಮರುದಿನ ದೀಪ ಬಂತು ಎಂಬ ದೂರೆಲ್ಲ ಇದೇ ಜಾತಿಯದು. ಡಬ್ಬಿಯನ್ನು ಬೆರಳಿನಿಂದ ನಾಲ್ಕು ಸಲ ತಟ್ಟಿ, ಪ್ಲಗ್ ಒರೆಸಿ ಒಣಗಿಸಿ. ಎರಡೂ ಸ್ವಿಚ್ಚಿನ ವೈರ್ ಕಳಚಿದರೂ ಉರಿಯುತ್ತಲೇ ಇದ್ದರೆ ವೈರ್ ಎಲ್ಲೋ ಬಾಡಿಗೆ ತಗುಲುತ್ತಿದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್ ದಾಟಿ ಬಲ್ಬಿಗೆ ಬಂದು ಅಲ್ಲಿಂದ ಸ್ವಿಚ್ಚಿನ ಮೂಲಕ ಗಾಡಿಯ ಮೈಗೆ ಸೇರುವ ವ್ಯವಸ್ಥೆ ಇದು. ಹಳೆಯ ಗಾಡಿಗಳಲ್ಲಿ ವೈರಿನ ಸಿಪ್ಪೆ ಎಲ್ಲಿ ಸುಲಿದರೂ ಮೈಗೆ ತಗುಲಿ ದೀಪ ಬರುತ್ತದೆ. ಅಡಕೆ, ಭತ್ತ ಇಟ್ಟ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಇಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪರೀಕ್ಷೆಗೆಂದು ಕಳಚಿದ ಪ್ಲಗ್ಗನ್ನು ಮತ್ತೆ ಸೇರಿಸುವುದು ಮರೆಯಬೇಡಿ. ಪರೀಕ್ಷೆಗೆ ಕಳಚಿದ್ದು ಹಾಗೆಯೇ ಉಳಿದುಬಿಟ್ಟ ಗಾಡಿಗಳು ಎಷ್ಟೋ.

ಇನ್ನು ಎರಡು ದೀಪ ಜೊತೆಯಲ್ಲಿ ಬರುವ ಪ್ರಸಂಗ. ಓಡುತ್ತಿರುವಾಗ ಬ್ಯಾಟರಿಯ ಚಿತ್ರದ ದೀಪವೂ ಬ್ರೇಕಿನ ದೀಪವೂ ಒಟ್ಟಿಗೆ ಹೊತ್ತಿಕೊಂಡವು ಎನ್ನಿ. ಬಹಳಷ್ಟು ಜನ ‘ಎಲೆಕ್ಟ್ರಿಕಲ್ ಪ್ರಾಬ್ಲಂ, ಊರಿಗೆ ಹೋಗಿ ನೋಡಿಸೋಣ’ ಎಂದು ಮುಂದೆ ಹೋಗುತ್ತಾರೆ. ಇದು ಅಪಾಯದ ಮಾತು. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನ ಹಾಗೆ ತನ್ನಷ್ಟಕ್ಕೆ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಸಿಗುವುದಿಲ್ಲ. ಅದಕ್ಕೆಂದೇ ಒಂದು ವ್ಯಾಕ್ಯೂಮ್ ಪಂಪ್ ಇರುತ್ತದೆ. ನಮ್ಮ ಅನೇಕ ಹಳೆಯ ಡೀಸೆಲ್ ಗಾಡಿಗಳಲ್ಲಿ ಆ ಪಂಪು ಕೂತಿರುವುದು ಆಲ್ಟರ್ನೇಟರಿನ, ಅಂದರೆ ನಮ್ಮವರು ಇನ್ನೂ ಡೈನಮೋ ಎನ್ನುವ ಯಂತ್ರದ ಬೆನ್ನ ಹಿಂದೆ, ಅದೇ ಶಾಫ್ಟಿಗೆ. ಬೆಲ್ಟ್ ಹರಿದರೆ ಚಾರ್ಜಿಂಗ್ ನಿಲ್ಲುತ್ತದೆ, ಜೊತೆಗೆ ನಿರ್ವಾತವೂ ನಿಲ್ಲುತ್ತದೆ. ಬೂಸ್ಟರಿನಲ್ಲಿ ಉಳಿದದ್ದು ಎರಡು ಮೂರು ಸಲ ಬ್ರೇಕ್ ಒತ್ತಲು ಸಾಕಾದೀತು. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಎರಡು ದೀಪ ಒಟ್ಟಿಗೆ ಕಂಡರೆ ಮೊದಲು ಪಕ್ಕಕ್ಕೆ ನಿಲ್ಲಿಸಿ, ಬೆಲ್ಟ್ ನೋಡಿ.

ನಿರ್ವಾತ ಸರಿಯಿದೆಯೇ ಎಂದು ತಿಳಿಯಲು ಅಂಗಳದಲ್ಲೇ ಒಂದು ನಿಮಿಷದ ಪರೀಕ್ಷೆ ಸಾಕು. ಎಂಜಿನ್ ಆರಿಸಿ ಬ್ರೇಕನ್ನು ನಾಲ್ಕೈದು ಸಲ ಒತ್ತಿ, ಪೆಡಲ್ ಗಟ್ಟಿಯಾಗುತ್ತದೆ. ಹಾಗೆಯೇ ಒತ್ತಿಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿ ತುಸು ಇಳಿಯಬೇಕು. ಇಳಿಯದಿದ್ದರೆ ಪಂಪೋ, ಹೋಸೋ, ಹೋಸಿನ ತುದಿಯ ಒಮ್ಮುಖ ವಾಲ್ವೋ ಕೆಟ್ಟಿದೆ. ಇಳಿಯುವುದು ಒಳ್ಳೆಯದು, ಆದರೆ ಒತ್ತಿಹಿಡಿದಷ್ಟು ಹೊತ್ತೂ ನಿಧಾನವಾಗಿ ತಳದವರೆಗೆ ಇಳಿಯುತ್ತಲೇ ಹೋದರೆ ಅದು ಬೇರೆ ರೋಗ, ಮಾಸ್ಟರ್ ಸಿಲಿಂಡರಿನೊಳಗಿನ ವಾಷರಿನದು ಅಥವಾ ಸೋರಿಕೆಯದು.

ದಾರಿಯಲ್ಲಿ ದೀಪ ಬಂದರೆ ಏನು ಮಾಡಬೇಕೆಂಬುದನ್ನು ಈ ವ್ಯತ್ಯಾಸವೇ ಹೇಳುತ್ತದೆ. ಮೊದಲು ಕಾಲಿಗೆ ಪೆಡಲ್ ಹೇಗೆ ಸಿಗುತ್ತದೆ ನೋಡಿ. ಮೆತ್ತಗೆ, ಆಳಕ್ಕೆ ಹೋಗುತ್ತಿದ್ದರೆ ದ್ರವದ ತೊಂದರೆ. ಬೇಗ ಬೇಗ ಒತ್ತಿ ಬಿಟ್ಟು ಮಾಡಿದರೆ ಒತ್ತಡ ಸ್ವಲ್ಪ ಕೂಡಿಬರುತ್ತದೆ. ಗಟ್ಟಿಯಾಗಿದ್ದರೆ ನಿರ್ವಾತದ ತೊಂದರೆ. ಆಗ ಒತ್ತಿ ಬಿಟ್ಟು ಮಾಡಲೇಬಾರದು, ಉಳಿದಿರುವ ನಿರ್ವಾತವೂ ಖರ್ಚಾಗುತ್ತದೆ. ಬಲವೆಲ್ಲ ಹಾಕಿ ಒಂದೇ ಸಲ ಒತ್ತಿಹಿಡಿಯಿರಿ. ಎರಡರಲ್ಲೂ ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಇಂದಿನ ಗಾಡಿಗಳಲ್ಲಿ ಬ್ರೇಕಿನ ಪೈಪು ಎರಡು ಪಾಲಾಗಿರುತ್ತದೆ. ಪಿಕಪ್‌ಗಳಲ್ಲಿ ಹೆಚ್ಚಾಗಿ ಮುಂದಿನದೊಂದು, ಹಿಂದಿನದೊಂದು. ಒಂದು ಪಾಲು ಸೋರಿ ಖಾಲಿಯಾದರೂ ಇನ್ನೊಂದು ಹಿಡಿಯುತ್ತದೆ. ಅದನ್ನೇ ನೆಚ್ಚಿಕೊಂಡು ‘ಅರ್ಧ ಬ್ರೇಕಿದೆಯಲ್ಲ’ ಎಂದು ಊರು ಸೇರಲು ಹೊರಡುವವರಿದ್ದಾರೆ. ಉಳಿದದ್ದು ಹಿಂದಿನ ಅರ್ಧವಾಗಿದ್ದರೆ ಅದು ಅರ್ಧವಲ್ಲ, ಕಾಲು ಭಾಗವೂ ಇರಲಿಕ್ಕಿಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಚಕ್ರಗಳೇ.

ದೀಪ ಹೇಳದ ಸಂಗತಿಗಳೂ ಇವೆ. ಘಾಟಿಯವರಿಗೆ ಅವು ಹೆಚ್ಚು ಮುಖ್ಯ. ಸರಕು ಸೇರಿ 2800 ಕಿಲೋ ತೂಗುವ ಪಿಕಪ್ಪೊಂದು 400 ಮೀಟರ್ ಎತ್ತರದಿಂದ ಇಳಿದರೆ, ಆ ಇಳಿತದ ಶಕ್ತಿಯೆಲ್ಲ ಶಾಖವಾದರೆ, ಸುಮಾರು 35 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಇದರಲ್ಲಿ ಎಂಜಿನ್ ಎಷ್ಟು ತಡೆದುಕೊಳ್ಳುತ್ತದೋ ಅಷ್ಟು ಬ್ರೇಕಿಗೆ ಉಳಿತಾಯ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಹಾಕಿ ಇಳಿಯುವವರು ಅಷ್ಟೂ ಶಾಖವನ್ನು ನಾಲ್ಕು ಚಕ್ರಕ್ಕೆ ಸುರಿಯುತ್ತಾರೆ. ಎಂಜಿನ್ನನ್ನೇ ಆರಿಸಿ ಇಳಿಯುವವರು ಬೂಸ್ಟರನ್ನೂ ಕಳೆದುಕೊಳ್ಳುತ್ತಾರೆ, ಅವರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಅದು ಅದರ ಹುಟ್ಟುಗುಣ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ಆಯಿಲ್ ತೇವ ಹೀರಿದ ಮೇಲಿನ ಮಾನದಂಡ 140 ಡಿಗ್ರಿ. ಡಾಟ್ 4ಕ್ಕೆ ಇವು 230 ಮತ್ತು 155. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಒತ್ತಡವನ್ನು ಚಕ್ರಕ್ಕೆ ದಾಟಿಸುವುದಿಲ್ಲ. ಪೆಡಲ್ ಸೀದಾ ತಳಕ್ಕೆ. ಆಗ ಡಬ್ಬಿ ತುಂಬಿಯೇ ಇರುತ್ತದೆ, ಕೆಂಪು ದೀಪ ಬರುವುದೇ ಇಲ್ಲ. ಅರ್ಧ ಗಂಟೆ ನಿಂತು ತಣ್ಣಗಾದರೆ ಬ್ರೇಕ್ ಮತ್ತೆ ಬರುತ್ತದೆ, ಗ್ಯಾರೇಜಿನಲ್ಲಿ ತೋರಿಸಿದರೆ ‘ಎಲ್ಲ ಸರಿ ಇದೆ ಅಣ್ಣಾ’ ಎನ್ನುತ್ತಾರೆ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ, ಏರ್ ತೆಗೆಸಿ. ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ, ಅಂದರೆ ನಮ್ಮ ಬಲಬದಿ ಸ್ಟೀರಿಂಗಿನ ಗಾಡಿಗಳಲ್ಲಿ ಹಿಂದಿನ ಎಡಚಕ್ರ, ಮೊದಲು ಎಂಬುದು ಸಾಮಾನ್ಯ ಕ್ರಮ. ಅಂಗಡಿಯಲ್ಲಿ ಸೀಲ್ ಒಡೆದ ಬಾಟಲಿ ತೆಗೆದುಕೊಳ್ಳಬೇಡಿ. ಎಂಜಿನ್ ಆಯಿಲ್ಲನ್ನೋ ಸ್ಟೀರಿಂಗ್ ಆಯಿಲ್ಲನ್ನೋ ‘ಸದ್ಯಕ್ಕೆ’ ಎಂದು ಸುರಿದರೆ ಒಳಗಿನ ರಬ್ಬರೆಲ್ಲ ಊದಿಕೊಂಡು, ನಾಲ್ಕೂ ಚಕ್ರದ ವಾಷರ್, ಹೋಸ್, ಮಾಸ್ಟರ್ ಸಿಲಿಂಡರಿನ ಕಿಟ್ ಅಷ್ಟನ್ನೂ ಬದಲಿಸಬೇಕಾಗುತ್ತದೆ.

ಪಿಕಪ್ಪಿಗೇ ವಿಶೇಷವಾದ ಇನ್ನೊಂದು ಎಡವಟ್ಟು ಸ್ಪ್ರಿಂಗ್ ಪ್ಲೇಟಿನದು. ಹೆಚ್ಚು ಭಾರ ಹೊರಲೆಂದು ಹಿಂದೆ ಒಂದೆರಡು ಪ್ಲೇಟು ಸೇರಿಸುವುದು ನಮ್ಮಲ್ಲಿ ಮಾಮೂಲು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ ಜೋಡಿಸಿದ ವಾಲ್ವ್ ಇರುತ್ತದೆ. ಭಾರ ಬಿದ್ದು ಬಾಡಿ ಕೆಳಗಿಳಿದಷ್ಟೂ ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕ್ ಬಿಡುವುದು, ಖಾಲಿಯಿದ್ದಾಗ ಕಡಿಮೆ ಬಿಡುವುದು ಅದರ ಕೆಲಸ. ಪ್ಲೇಟು ಸೇರಿಸಿದ ಮೇಲೆ ಭಾರ ತುಂಬಿದರೂ ಬಾಡಿ ಇಳಿಯುವುದಿಲ್ಲ. ವಾಲ್ವಿಗೆ ಗಾಡಿ ಖಾಲಿಯೆಂದೇ ತೋರುತ್ತದೆ, ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕ್ ಕೊಡುತ್ತದೆ. ಮುಂದಿನ ಪ್ಯಾಡ್ ಬೇಗ ಸವೆಯುತ್ತದೆ, ಮಟ್ಟ ಬೇಗ ಇಳಿಯುತ್ತದೆ. ವರ್ಷಕ್ಕೆ ಎರಡು ಸಲ ಪ್ಯಾಡ್ ಬೇಕಾಗುತ್ತಿದೆ ಎನ್ನುವವರು ಪ್ಯಾಡ್ ಕಂಪನಿಯನ್ನು ಬೈಯುವ ಮೊದಲು ಈ ಕಡ್ಡಿಯನ್ನೊಮ್ಮೆ ನೋಡಲಿ. ಕೆಲವರದು ಬೈಂಡಿಂಗ್ ತಂತಿಯಲ್ಲಿ ಕಟ್ಟಿಹಾಕಿರುತ್ತದೆ.

ಹಳದಿ ಬಣ್ಣದಲ್ಲಿ ‘ಎಬಿಎಸ್’ ಎಂದು ಬರುವ ದೀಪ ಬೇರೆ. ತೀರಾ ಹಳೆಯ ಪಿಕಪ್‌ಗಳಲ್ಲಿ ಅದು ಇರುವುದೇ ಇಲ್ಲ. ಇದ್ದು, ಅದೊಂದೇ ಬಂದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಚಕ್ರ ಕಚ್ಚದಂತೆ ತಡೆಯುವ ಸೌಲಭ್ಯ ಮಾತ್ರ ಹೋಗಿರುತ್ತದೆ. ಹೆಚ್ಚಿನ ಸಲ ಚಕ್ರದ ಹತ್ತಿರದ ಸೆನ್ಸರಿಗೆ ಕೆಸರು ಮೆತ್ತಿರುತ್ತದೆ ಅಥವಾ ವೈರ್ ತುಂಡಾಗಿರುತ್ತದೆ. ಹಳದಿ, ಕೆಂಪು ಎರಡೂ ಬಂದರೆ ನಿಲ್ಲಿಸಿ.

ಕೊನೆಯದಾಗಿ, ದೀಪವೇ ಬಾರದ ಗಾಡಿಗಳು. ಸಾಗಣೆ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಅದರ ಹಿಂದಿನ ದಿನ ಗ್ಯಾರೇಜಿನಲ್ಲಿ ಕೆಂಪು ದೀಪಗಳಿಗೆ ಆಗುವ ಶಸ್ತ್ರಚಿಕಿತ್ಸೆಗಳು ಬಗೆಬಗೆಯವು: ಬಲ್ಬ್ ಕಿತ್ತಿರುತ್ತಾರೆ, ಹಿಂದಿನಿಂದ ಕಪ್ಪು ಟೇಪ್ ಅಂಟಿಸಿರುತ್ತಾರೆ. ಇನ್ನೂ ಜಾಣರು ಬ್ರೇಕಿನ ದೀಪದ ವೈರನ್ನು ಆಯಿಲ್ ಪ್ರೆಷರ್ ದೀಪದ ವೈರಿಗೆ ಸೇರಿಸಿರುತ್ತಾರೆ. ಕೀ ತಿರುಗಿಸಿದಾಗ ಬರುತ್ತದೆ, ಸ್ಟಾರ್ಟ್ ಆದಾಗ ಆರುತ್ತದೆ, ನೋಡುವವರಿಗೆ ಎಲ್ಲ ಸರಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋದಾಗ ಕೀ ತಿರುಗಿಸಿ ನೋಡಿದರೆ ಸಾಲದು. ಎಂಜಿನ್ ಓಡುತ್ತಿರುವಾಗ ಹ್ಯಾಂಡ್‌ಬ್ರೇಕ್ ಒಂದು ಹಲ್ಲು ಎಳೆಯಿರಿ, ದೀಪ ಬರಬೇಕು. ಇಳಿಸಿ, ಆರಬೇಕು. ಆಮೇಲೆ ಬೋನೆಟ್ ಎತ್ತಿ, ಮುಚ್ಚಳದಲ್ಲೇ ಬುರುಡೆಯಿರುವ ಗಾಡಿಯಾದರೆ ಮುಚ್ಚಳ ಬಿಚ್ಚಿ ವೈರ್ ಸಮೇತ ಮೇಲೆತ್ತಿ. ಬುರುಡೆ ಕೆಳಗೆ ಜೋತುಬಿದ್ದು ದೀಪ ಬರಬೇಕು. ಬುರುಡೆ ಡಬ್ಬಿಯೊಳಗೇ ಇದ್ದರೆ ಅದನ್ನು ಶುದ್ಧವಾದ ಕಡ್ಡಿಯಿಂದ ಕೆಳಗೆ ಒತ್ತಿ, ಡ್ಯಾಶ್‌ಬೋರ್ಡ್ ನೋಡಲು ಒಬ್ಬರನ್ನು ಒಳಗೆ ಕೂರಿಸಿ. ಮುಚ್ಚಳ ತೆಗೆದ ಹೊತ್ತಿನಲ್ಲಿ ಆಯಿಲಿನ ಬಣ್ಣವೂ ಕಾಣುತ್ತದೆ: ಕಪ್ಪು ಕಾಫಿಯ ಹಾಗಿದ್ದರೆ ಆ ಗಾಡಿಯ ಬ್ರೇಕನ್ನು ವರ್ಷಗಟ್ಟಲೆ ಯಾರೂ ಬಿಚ್ಚಿಲ್ಲ. ಬೆಲೆ ಮಾತಾಡುವಾಗ ನಾಲ್ಕು ಚಕ್ರದ ಕಿಟ್, ಒಂದು ಜೊತೆ ಪ್ಯಾಡ್, ಹಿಂದಿನ ಲೈನರ್, ಎರಡು ಬಾಟಲಿ ಆಯಿಲ್, ಒಂದು ದಿನದ ಕೂಲಿ ಇಷ್ಟನ್ನು ಕಳೆದೇ ಹೇಳಿ.